ರುಬಿಸ್ಕೋಪಾಖ್ಯಾನ ಅಥವಾ ಸಸ್ಯಲೋಕದ ಮತತ್ರಯ ನಿರ್ಣಯ

ದ್ಯುತಿಸಂಶ್ಲೇಷಣೆಯಲ್ಲಿ, ಅಂದರೆ ಎಲೆಯು ಬಿಸಿಲಿನ ಬಲದಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವ ಕ್ರಿಯೆಯಲ್ಲಿ, ಮೂರು ಮತಗಳು ಪ್ರಸಿದ್ಧವಾಗಿದ್ದು, ಈ ಭೇದಕ್ಕೆಲ್ಲ ರುಬಿಸ್ಕೋ ಎಂಬ ಒಂದೇ ಕಿಣ್ವದ ಮತಿಭ್ರಮಣೆಯೇ ಕಾರಣವೆಂಬುದು ಪ್ರಕೃತ ಪ್ರಬಂಧದ ಪ್ರತಿಜ್ಞೆ. ವಾತಾವರಣದಲ್ಲಿ ಆಮ್ಲಜನಕವೇ ಇಲ್ಲದಿದ್ದ ಕಾಲದಲ್ಲಿ ನೇಮಕಗೊಂಡ ಈ ಗುಮಾಸ್ತನು ಸೆಕೆಂಡಿಗೆ ಮೂರು-ನಾಲ್ಕು ಕಡತಗಳನ್ನಷ್ಟೇ ವಿಲೇವಾರಿ ಮಾಡುವುದಲ್ಲದೆ, 25 ಡಿಗ್ರಿ ಸೆಲ್ಸಿಯಸ್‌ನ ಹಿತವಾದ ಹವೆಯಲ್ಲೂ ಸರಿಸುಮಾರು ನಾಲ್ಕಕ್ಕೊಂದು ಬಾರಿ ಆಮ್ಲಜನಕವನ್ನೇ ಇಂಗಾಲದ ಡೈಆಕ್ಸೈಡೆಂದು ಬಗೆದು ಠಸ್ಸೆ ಒತ್ತಿಬಿಡುತ್ತಾನೆ. ಈ ಪ್ರಮಾದಕ್ಕೆ ಎಲೆಯು ಮಾಡಿಕೊಳ್ಳುವ ದುಬಾರಿ ಪ್ರಾಯಶ್ಚಿತ್ತಕ್ಕೆ ದ್ಯುತಿಉಸಿರಾಟವೆಂದು ಹೆಸರು.

ಮೊದಲ ಉತ್ಪನ್ನದಲ್ಲಿ ಮೂರು ಇಂಗಾಲಗಳಿರುವ ಕಾರಣ ಸಿ3 ಎನಿಸಿಕೊಂಡ ಪುರಾತನ ಮತದ ಭತ್ತ, ಗೋಧಿಗಳು ಈ ನಷ್ಟವನ್ನು ಪ್ರಾರಬ್ಧವೆಂದು ಸಹಿಸಿಕೊಂಡಿವೆ. ಎರಡನೆಯದಾದ ಸಿ4 ಮತದ ಕಾಲವನ್ನು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕುಸಿದ ಸುಮಾರು 3 ಕೋಟಿ ವರ್ಷಗಳ ಹಿಂದಿನ ಆಲಿಗೊಸೀನ್ ಯುಗವೆಂದು ನಿರ್ಣಯಿಸಲಾಗಿದೆ. ರುಬಿಸ್ಕೋವನ್ನು ವಜಾ ಮಾಡಲು ನಿಯಮಾವಳಿಯಲ್ಲಿ ಅವಕಾಶವಿಲ್ಲದ್ದರಿಂದ, ಜೋಳ, ಕಬ್ಬು, ರಾಗಿಗಳ ಪೂರ್ವಜರು ಆತನನ್ನು ಎಲೆನರದ ಸುತ್ತಣ ಒಳಕೋಣೆಗೆ ವರ್ಗಾಯಿಸಿ, ಆಮ್ಲಜನಕಕ್ಕೆ ಮರುಳಾಗದ ಪೆಪ್ ಕಾರ್ಬಾಕ್ಸಿಲೇಸ್ ಎಂಬ ಇನ್ನೊಂದು ಕಿಣ್ವವನ್ನು ಹೊರಬಾಗಿಲಲ್ಲಿ ನಿಲ್ಲಿಸಿದರು. ಅದು ನಾಲ್ಕು ಇಂಗಾಲದ ಆಮ್ಲವಾಗಿ ಕಟ್ಟಿ ಕಳಿಸಿದ ಸರಕಿಗೂ ಕಟ್ಟಕಡೆಯ ಸಹಿ ಹಾಕುವವನು ಸೇವಾಜ್ಯೇಷ್ಠನಾದ ರುಬಿಸ್ಕೋನೇ. ಬೇರೆಬೇರೆ ಸಸ್ಯವಂಶಗಳು ಪರಸ್ಪರ ಸಮಾಲೋಚಿಸದೆ 60ಕ್ಕೂ ಹೆಚ್ಚು ಬಾರಿ ಇದೇ ಸುತ್ತೋಲೆ ಹೊರಡಿಸಿರುವುದರಿಂದ, ಅವುಗಳ ಮೇಲೆ ಕೃತಿಚೌರ್ಯದ ಆರೋಪ ನಿಲ್ಲುವುದಿಲ್ಲ.

ಮೂರನೆಯದು, ಹಗಲಲ್ಲಿ ಬಾಯ್ತೆರೆದರೆ ನೀರು ಆರಿಹೋದೀತೆಂದು ಪತ್ರರಂಧ್ರಗಳನ್ನು ಇರುಳಲ್ಲಿ ಮಾತ್ರ ತೆರೆದು, ಒಳಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲಿನಲ್ಲಿ ವೆಚ್ಚಮಾಡುವ ಪಾಪಸುಕಳ್ಳಿ, ಅನಾನಸುಗಳ ನಿಶಾಪಂಥ. ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್, ಕಾಡುಬಸಳೆಯ ಎಲೆಯು ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಸಂಜೆಗೆ ಕಹಿಯಾಗಿಯೂ ಇರುವುದನ್ನು ಅಗಿದು ನೋಡಿ 1815ರಲ್ಲಿ ಪ್ರಕಟಿಸಿದ ಪತ್ರವು ಇದಕ್ಕೆ ಆಧಾರವಾಗಿದ್ದು, ಪ್ರತ್ಯಕ್ಷ, ಅನುಮಾನಗಳ ಸಾಲಿಗೆ ಜಿಹ್ವಾಪ್ರಮಾಣವನ್ನು ಸೇರಿಸಿದ ಕೀರ್ತಿ ಆತನಿಗೇ ಸಲ್ಲಬೇಕು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ವ್ರೀಹಿಯೂ ನರೆದಲೆಗನೂ, ಅಂದರೆ ಭತ್ತವೂ ರಾಗಿಯೂ, ಮೇಲುಕೀಳಿಗಾಗಿ ಕಾದಾಡಿ, ರಾಮನಾಜ್ಞೆಯಂತೆ ಆರು ತಿಂಗಳು ಸೆರೆಯಲ್ಲಿದ್ದು, ಕೊನೆಗೆ ರಾಗಿಯೇ ಗೆದ್ದಿರುವುದರಿಂದ ಸಿ4 ಮತದ ಶ್ರೇಷ್ಠತೆ ಅಂದೇ ಸಿದ್ಧವಾಯಿತೆಂದು ವಾದಿಸಬಹುದು. ಆದರೆ ಸೆರೆಯ ಕತ್ತಲಲ್ಲಿ ದ್ಯುತಿಸಂಶ್ಲೇಷಣೆ ನಡೆಯದಾದ್ದರಿಂದ ಆ ತೀರ್ಪು ದಾಸ್ತಾನಿನ ತಾಳಿಕೆಗೆ ಮಾತ್ರ ಅನ್ವಯಿಸುತ್ತದೆ. ಉಭಯರನ್ನೂ ಮಳೆ ಕೈಕೊಟ್ಟ ಬಯಲುಸೀಮೆಯ ಹೊಲದಲ್ಲಿ ಬಿಸಿಲಿಗೆ ನಿಲ್ಲಿಸಿದ್ದರೆ ಶಾಸ್ತ್ರಸಮ್ಮತವಾದ ಅದೇ ತೀರ್ಪು ಆರು ತಿಂಗಳು ಕಾಯಿಸದೆ ಹೊರಬೀಳುತ್ತಿತ್ತು.