ಬಿಟ್ಟ ಸಾಲಿನಿಂದಲೇ ಶುರು

“ತಮ್ಮಾ, ಈ ಆ್ಯಪ್‌ಗೆ ನೆಪ್ಪು ಅನ್ನೂದು ಇರತೈತೋ ಇಲ್ಲೋ?” ಬೇಲಿಯಾಚೆಯಿಂದ ಕಾಕಾ ಕೇಳಿದರು. ಹಾಲಿನ ಲೆಕ್ಕದ ಆ್ಯಪ್‌ನಲ್ಲಿ ಮುಂಜಾನೆಯ ಲೀಟರು, ಸಂಜೆಯ ಲೀಟರು, ಫ್ಯಾಟು ಎಲ್ಲ ತುಂಬಿ, ಅಕ್ಷರ ದೊಡ್ಡದಾಗಿ ಕಾಣಲೆಂದು ಫೋನು ಅಡ್ಡ ಹಿಡಿದರಂತೆ. ಮೂರೂ ಖಾನೆ ಖಾಲಿ.

“ನಿಮ್ಮ ಕೈದೂ ತಪ್ಪಲ್ರಿ ಕಾಕಾ, ಫೋನಿಂದೂ ತಪ್ಪಲ್ಲ. ಆ್ಯಪ್ ಬರದವರು ಅರ್ಧಾ ಕೆಲಸ ಮಾಡ್ಯಾರ,” ಅಂದೆ.

ಫೋನು ತಿರುಗಿಸಿದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ಎದುರಿನ ಪರದೆಯನ್ನು ಕೆಡವಿ, ಅಡ್ಡ ಅಳತೆಗೆ ಇನ್ನೊಂದನ್ನು ಕಟ್ಟುತ್ತದೆ. ಕೆಡಹುವಾಗ ಆ್ಯಪ್‌ಗೆ ಒಂದು ಅವಕಾಶ ಕೊಡುತ್ತದೆ: ಉಳಿಸುವುದಿದ್ದರೆ ಈಗಲೇ ಕೊಡು. ಆ ಕರೆಯ ಹೆಸರು ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್, ಉಳಿಸಿದ್ದನ್ನು ಹಾಕುವ ಚೀಲ ಬಂಡಲ್. ಹೊಸ ಪರದೆ ಏಳುವಾಗ ಅದೇ ಬಂಡಲ್ ಮರಳಿ ಕೈಗೆ ಬರುತ್ತದೆ. ಗುರುತಿನ ಐಡಿ ಕೊಟ್ಟ ಅಕ್ಷರದ ಖಾನೆ ತನ್ನೊಳಗಿನ ಬರಹವನ್ನು ತಾನೇ ಕಾಪಾಡಿಕೊಳ್ಳುತ್ತದೆ. ಐಡಿ ಕೊಡದೆ ಬಿಟ್ಟದ್ದು, ಆ್ಯಪ್ ತನ್ನ ಒಳಗೇ ಇಟ್ಟುಕೊಂಡ ಅಂಕಿಗಳು ಹೋಗಿಬಿಡುತ್ತವೆ.

“ಹಂಗಾರ ಫೋನ್ ತಿರುಗಸಲಿಲ್ಲಂದ್ರ ಆತಲ್ಲ?”

ಆಗಲಿಲ್ಲ. ಬೆಳೆ ಸಮೀಕ್ಷೆಯ ಆ್ಯಪ್ ಅನ್ನು ನೆನಪಿಸಿದೆ. 2020ರ ಮುಂಗಾರಿನಲ್ಲಿ ರಾಜ್ಯ ಸರಕಾರ ಆ ಆ್ಯಪ್ ಅನ್ನು ರೈತರ ಕೈಗೇ ಕೊಟ್ಟಿತು. ಸರ್ವೆ ನಂಬರು ಹಿಡಿದು, ಬೆಳೆ ಯಾವುದು, ಕ್ಷೇತ್ರ ಎಷ್ಟು ಎಂದು ತುಂಬಿ, ಹೊಲದಲ್ಲೇ ನಿಂತು ಫೋಟೊ ತೆಗೆದು ಕಳಿಸಬೇಕು. ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆಗೆಲ್ಲ ಆ ಮಾಹಿತಿಯೇ ಆಧಾರ. ಇಂಥ ಕೆಲಸಕ್ಕೆ ಯಾರು ಆ್ಯಪ್ ಬರೆದರೂ ಕಷ್ಟದ ಗಳಿಗೆ ಫೋಟೊದ್ದೇ. ಕ್ಯಾಮೆರಾಕ್ಕೆ ಮೆಮೊರಿ ಬಹಳ ಬೇಕು. ಕಡಿಮೆ ರ‍್ಯಾಮ್‌ನ ಫೋನಿನಲ್ಲಿ ಆಂಡ್ರಾಯ್ಡ್ ಅದಕ್ಕೆ ಜಾಗ ಮಾಡಲು ಹಿಂದೆ ಸರಿದ ಆ್ಯಪ್ ಅನ್ನೇ ನಿಲ್ಲಿಸಿಬಿಡಬಹುದು. ಉಳಿಸಿಡದಿದ್ದರೆ, ಫೋಟೊ ತೆಗೆದು ಬರುವಷ್ಟರಲ್ಲಿ ತುಂಬಿದ್ದೆಲ್ಲ ಹೋಗಿರುತ್ತದೆ.

ಕಾಕಾ ಸಿಟ್ಟಾದರು. “ಮಧ್ಯಾಹ್ನ ಗಳೆ ಬಿಟ್ಟು ಉಣ್ಣಾಕ ಕುಂತರ, ಹೊಳ್ಳಿ ಹೂಡೂದು ಬಿಟ್ಟ ಸಾಲಿನಿಂದನ. ಮತ್ತ ಬದುವಿನಿಂದ ಯಾರರ ಶುರು ಮಾಡ್ತಾರೇನು?”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಆದರೆ ಏನನ್ನು ಎಲ್ಲಿ ಇಡಬೇಕು ಎಂಬುದನ್ನು ಬರೆಯುವವನು ತಿಳಿದಿರಬೇಕು. 2017ರಲ್ಲಿ ಗೂಗಲ್ ವ್ಯೂಮಾಡೆಲ್ ಎಂಬುದನ್ನು ತಂದಿತು. ಫೋನು ತಿರುಗಿಸಿದರೆ ಅದರಲ್ಲಿಟ್ಟದ್ದು ಉಳಿಯುತ್ತದೆ, ಆ್ಯಪ್ ಅನ್ನೇ ನಿಲ್ಲಿಸಿದರೆ ಉಳಿಯದು. ಬಂಡಲ್ ಅದನ್ನೂ ದಾಟುತ್ತದೆ, ಆದರೆ ಅದು ಸಣ್ಣದು: ಆ್ಯಪ್‌ನ ಇಂಥ ಎಲ್ಲ ಸಾಗಣೆಗೂ ಸೇರಿ ಇರುವ ಮಿತಿ ಸುಮಾರು 1 ಎಂಬಿ. ಯಾವ ಖಾನೆಯಲ್ಲಿದ್ದೆವು, ಪಟ್ಟಿಯಲ್ಲಿ ಎಷ್ಟು ಕೆಳಗೆ ಬಂದಿದ್ದೆವು ಎಂಬಷ್ಟಕ್ಕೆ ಸಾಕು, ಫೋಟೊ ತುರುಕಿದರೆ ಆ್ಯಪ್ ಕುಸಿಯುತ್ತದೆ. ನಾವಾಗಿಯೇ ಆ್ಯಪ್ ಅನ್ನು ಸರಿಸಿ ಮುಚ್ಚಿದರೆ ಬಂಡಲ್ ಕೂಡ ಇಲ್ಲ. ಹಾಗಾಗಿ ಮನುಷ್ಯ ಬೆರಳಿಟ್ಟು ಬರೆದದ್ದೆಲ್ಲ ಫೋನಿನ ಡಿಸ್ಕಿಗೇ ಇಳಿಯಬೇಕು. ಅದಕ್ಕೆ ಎಸ್‌ಕ್ಯೂಲೈಟ್ ಇದೆ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಪುಟ್ಟ ದತ್ತಕೋಶ ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಇದೆ. ಸೇವ್ ಗುಂಡಿ ಒತ್ತುವ ತನಕ ಕಾಯದೆ, ಒಂದು ಖಾನೆ ಮುಗಿದೊಡನೆ ಬರೆದಿಟ್ಟರೆ ಆಯಿತು.

“ನೆಟ್‌ವರ್ಕ್ ಬೇಕಾಗತೈತಿ?”

“ಬ್ಯಾಡ್ರಿ. ಭಾರತ ಹುಣ್ಣಿವಿಗೆ ಮಾಯಕ್ಕನ ಜಾತ್ರಿಗೆ ಮಹಾರಾಷ್ಟ್ರದ ಮಂದಿ ಎಲ್ಲಾ ಚಿಂಚಲ್ಯಾಗ ನೆರದು ನೆಟ್‌ವರ್ಕ್ ಸಿಗದಾಗೂ ನಿಮ್ಮ ಲೆಕ್ಕ ಫೋನಿನ್ಯಾಗ ಬರಕೋಬಹುದು. ಕಳಸೂದು ಆಮ್ಯಾಲೆ.”

“ಹಂಗಾರ ಎಲ್ಲಾನೂ ಇಟಗೊಂಡಬಿಡು.”

ಎಲ್ಲವನ್ನೂ ಅಲ್ಲ. ಪಾಸ್‌ವರ್ಡು, ಓಟಿಪಿ ಹಾಗೆ ಬರೆದಿಡುವಂಥವಲ್ಲ. ಒಟ್ಟು ರೊಕ್ಕವನ್ನೂ ಇಡಬಾರದು, ಲೀಟರು, ಫ್ಯಾಟು, ದರ ಇದ್ದರೆ ಮತ್ತೆ ಲೆಕ್ಕ ಹಾಕಬಹುದು. ಇಟ್ಟರೆ, ದರ ತಿದ್ದಿದ ಮೇಲೂ ಹಳೆಯ ಮೊತ್ತವೇ ಕಂಡೀತು. ತಾರೀಖಿನ ಬಗ್ಗೆ ಇನ್ನೂ ಎಚ್ಚರ ಬೇಕು. ನಿನ್ನೆ ಸಂಜೆ ಅರ್ಧಕ್ಕೆ ಬಿಟ್ಟ ಅಂಕಿ ಇಂದು ಮುಂಜಾನೆ ಸುಮ್ಮನೆ ಎದುರಿಗೆ ಬಂದರೆ ಇಂದಿನ ಲೆಕ್ಕದಲ್ಲಿ ಸೇರಿಹೋಗುತ್ತದೆ. ‘ನಿನ್ನೆಯದು ಅರ್ಧ ಉಳಿದಿದೆ, ಮುಂದುವರಿಸೋಣವೇ?’ ಎಂದು ಆ್ಯಪ್ ಕೇಳಬೇಕು.

ಬರೆಯುವವರಿಗೆ ಪರೀಕ್ಷೆಯೂ ಸುಲಭ. ಡೆವಲಪರ್ ಆಯ್ಕೆಗಳಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಅಂತ ಒಂದಿದೆ. ಅದನ್ನು ಹಾಕಿದರೆ ಬಿಟ್ಟು ಹೋದ ಪರದೆಯನ್ನು ಫೋನು ಕೂಡಲೇ ಕೆಡವುತ್ತದೆ, ಮರಳಿ ಬಂದಾಗ ಏನು ಉಳಿದಿದೆ ಎಂದು ಗೊತ್ತಾಗುತ್ತದೆ. ಹೊಸ ದುಬಾರಿ ಫೋನಿನಲ್ಲಷ್ಟೇ ಓಡಿಸಿ ನೋಡಿದವರಿಗೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ. ಹಳೆಯ ಫೋನು ಹಿಡಿದವನೇ ಅದನ್ನು ಅನುಭವಿಸುತ್ತಾನೆ, ತನಗೇ ಬಳಸಲು ಬರುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾನೆ. ನನಗೆ ಸಂಕಟವಾಗುವುದು ಇದಕ್ಕೇ.

“ಡೈರಿಯವರು ಆ್ಯಪ್ ತಗೊಳ್ಳೂ ಮುಂಚೆ ಏನು ನೋಡಬೇಕು, ಅಷ್ಟು ಹೇಳು.”

“ಅರ್ಧಾ ತುಂಬ್ರಿ. ಫೋನ್ ತಿರುಗಸ್ರಿ. ಕ್ಯಾಮೆರಾ ತಗದು ಫೋಟೊ ಹೊಡೀರಿ. ಆ್ಯಪ್ ಸರಿಸಿ ಮುಚ್ಚಿ ಹೊಳ್ಳಿ ತಗೀರಿ. ತುಂಬಿದ್ದು ಅಲ್ಲೇ ಇದ್ರ ರೊಕ್ಕಾ ಕೊಡ್ರಿ.”

“ಬರೂ ಮೀಟಿಂಗ್‌ನ್ಯಾಗ ಎಲ್ಲಾರ ಮುಂದ ಮಾಡಿ ತೋರಸಂತೀನಿ,” ಅಂದರು ಕಾಕಾ.