ಒತ್ತು, ಹಿಡಿ, ಬಿಡಬ್ಯಾಡ!

ಹೊಸಪೇಟೆಯ ಪಟೇಲ್ ನಗರದಲ್ಲಿ ಒಬ್ಬರಿದ್ದಾರೆ, ಅಮರಾವತಿಯಲ್ಲಿ ಒಬ್ಬರು, ಚಿತ್ತವಾಡ್ಗಿ ಕಡೆ ಹೋದರೆ ಇಬ್ಬರು. ಸಂಡೂರು, ಕಂಪ್ಲಿಗಳಿಗೂ ಇವರ ಕೊರತೆಯಿಲ್ಲ. ಗಣಿ ಆಫೀಸಿನಲ್ಲೋ ಬ್ಯಾಂಕಿನಲ್ಲೋ ಹೈಸ್ಕೂಲಿನಲ್ಲೋ ಇದ್ದು ನಿವೃತ್ತರಾದವರು. ಮನೆ ಮುಂದೆ ಹಳೇ ಕಾರು, ಕೈಯಲ್ಲಿ ರಿಂಗ್ ಸ್ಪ್ಯಾನರು, ಮನಸ್ಸಿನಲ್ಲಿ ಜಗತ್ತಿನ ಸಮಸ್ತ ಗ್ಯಾರೇಜುಗಳ ಮೇಲೆ ಅಪನಂಬಿಕೆ. ಬೀದಿಯವರು ಇಟ್ಟ ಹೆಸರು ಸ್ಪ್ಯಾನರ್ ಸಾಹೇಬ್ರು. “ಸಾಹೇಬ್ರು ಅದಾರೇನ್ರೀ?” ಎಂದು ಕೇಳಿದರೆ ಮನೆಯವರು ಒಳಗೆ ಹುಡುಕುವುದಿಲ್ಲ, ಬಗ್ಗಿ ಕಾರಿನ ಕೆಳಗೆ ನೋಡುತ್ತಾರೆ.

ಎಂಜಿನ್ ಆಯಿಲ್ ಬದಲಿಸುವುದು, ಪ್ಲಗ್ ಉಜ್ಜುವುದು ಇವೆಲ್ಲ ಅವರ ಲೆಕ್ಕದಲ್ಲಿ ಎಲ್‌ಕೆಜಿ. ಹಳೇ ಬ್ರೇಕ್ ಆಯಿಲ್ ತೆಗೆದು, ಹೊಸದು ತುಂಬಿ, ಲೈನಿನ ಗಾಳಿ ಹೊರಹಾಕುವುದಿದೆಯಲ್ಲ, ಅದು ಡಾಕ್ಟರೇಟು. ಅದರ ಪ್ರಬಂಧ ಮಂಡನೆ ಒಗ್ಗರಣಿ-ಮಿರ್ಚಿ ಅಂಗಡಿ ಮುಂದೆ ನಡೆಯುತ್ತದೆ. “ಬ್ರೇಕ್ ಆಯಿಲ್ ಅಂತೀರಿ, ಅದು ಆಯಿಲ್ ಅಲ್ರೀ, ಗ್ಲೈಕಾಲ್! ಗಾಳ್ಯಾಗಿನ ನೀರು ಕುಡಿತೈತಿ. ಹೊಸಾ ಡಾಟ್ 4 ಕುದಿಯಾಕ 230 ಡಿಗ್ರಿ ಬೇಕು. ನೂರಕ್ಕ ಮೂರೂಮುಕ್ಕಾಲು ಭಾಗ ನೀರು ಸೇರ್ತು ಅನ್ರಿ, 155ಕ್ಕ ಕುದ್ದುಬಿಡ್ತೈತಿ. ಸಂಡೂರು ಘಾಟು ಇಳಿಯಾಗ ಬ್ರೇಕ್ ಮ್ಯಾಲೆ ಕಾಲಿಟ್ಕಂಡೇ ಬಂದ್ರಿ ಅಂದ್ರ ಆ ನೀರು ಹಬೆ ಆಗ್ತೈತಿ. ಆಯಿಲ್ ಒತ್ತಿದ್ರ ಕುಗ್ಗಂಗಿಲ್ಲ, ಹಬೆ ಕುಗ್ತೈತಿ. ಪೆಡಲ್ ನೆಲಕ್ಕ, ನೀವು ಕುಮಾರಸ್ವಾಮಿ ಪಾದಕ್ಕ!”

ಕೇಳುತ್ತಿದ್ದವನೊಬ್ಬ ಮಿರ್ಚಿ ಕಚ್ಚುತ್ತ, “ಈ ಬಿಸಲಾಗ ನಮ್ಮೂರ ಗಾಳ್ಯಾಗ ನೀರು ಎಲ್ಲೈತಿ ಸಾಹೇಬ್ರ?” ಅಂದ.

“ಅಷ್ಟು ದೊಡ್ಡ ಡ್ಯಾಮ್ ಕಾಣವಲ್ದೇನು?”

ಡ್ಯಾಮಿನ ಮಾತು ಬಂದರೆ ಮುಗಿಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಅಂದಿನಿಂದ ಸಾಹೇಬರ ಪ್ರಬಂಧಕ್ಕೆ ಹೊಸ ಅಧ್ಯಾಯ ಸೇರಿದೆ. ಹರಿಯುವ ನೀರಿಗೇ ಸ್ಟಾಪ್‌ಲಾಗ್ ಇಳಿಸಿದ ಕನ್ನಯ್ಯ ನಾಯ್ಡು ಅವರ ಹೆಸರನ್ನು ಭಕ್ತಿಯಿಂದ ಹೇಳಿ, ಒಂದು ಗುಟುಕು ಚಹಾ ಕುಡಿದು, “ಅಲ್ಲಿ ಅವರು, ಇಲ್ಲಿ ನಾನು” ಎನ್ನುತ್ತಾರೆ. ಹಂಪಿ ನೋಡಲು ಬಂದ ನೆಂಟರನ್ನೂ ಬಿಡುವುದಿಲ್ಲ. ವಿಠ್ಠಲ ದೇವಸ್ಥಾನದ ಮುಂದೆ ಎಲ್ಲರೂ ಐವತ್ತರ ನೋಟು ಹಿಡಿದು ಕಲ್ಲಿನ ರಥದ ಜೊತೆ ಫೋಟೊ ತೆಗೆಸಿಕೊಳ್ಳುವಾಗ ಇವರು ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿರುತ್ತಾರೆ: “ಮೊದಲು ತಿರುಗ್ತಿದ್ದವಂತ್ರಿ ಇವು. ಬ್ರೇಕ್ ಇದ್ದಿಲ್ಲ ನೋಡ್ರಿ, ಸಿಮೆಂಟ್ ಹಾಕಿ ನಿಲ್ಸ್ಯಾರ.”

ಭಾನುವಾರ ಬೆಳಗ್ಗೆ ಪ್ರಯೋಗ. ಚಕ್ರಕ್ಕೆ ಅಡ್ಡ ಕೊಡಲು ಕಲ್ಲು ಬೇಕು; ಈ ಸೀಮೆಯಲ್ಲಿ ಕಲ್ಲಿಗೇನು ಬರ. ಜಾಕ್ ಏರಿತು, ಹಿಂದಿನ ಎಡ ಚಕ್ರ ಬಿಚ್ಚಿತು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ ಮೊದಲು ಎಂಬುದು ಶಾಸ್ತ್ರ. ಕೆಲವು ಕಾರುಗಳ ಪುಸ್ತಕದಲ್ಲಿ ಬೇರೆ ಕ್ರಮವೇ ಇರುತ್ತದೆ, ಆದರೆ ಸಾಹೇಬರು ಪುಸ್ತಕವನ್ನು ತೆರೆದದ್ದು ಮಗಳ ಮದುವೆ ಲೆಕ್ಕ ಬರೆದಿಡಲು ಮಾತ್ರ. ಬ್ಲೀಡರ್ ನಿಪ್ಪಲ್ಲಿನ ಮೇಲೆ ಅದಿರಿನ ಕೆಂಪು ಧೂಳು ಹೆಪ್ಪುಗಟ್ಟಿದೆ. ಹಳೇ ಟೂತ್‌ಬ್ರಷ್ಷಿನಿಂದ ಅದನ್ನು ತಿಕ್ಕಿ, ತುಕ್ಕುಬಿಡಿಸುವ ಎಣ್ಣೆ ಬಿಟ್ಟು, ಕಾದು, ರಿಂಗ್ ಸ್ಪ್ಯಾನರು ಕೂರಿಸಿ, ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಾರೆ. ನಿಪ್ಪಲ್ಲು ಮುರಿದರೆ ಭಾನುವಾರವೂ ಮುರಿದಂತೆ. ಮುರಿಯಲಿಲ್ಲ. ಪಾರದರ್ಶಕ ಕೊಳವೆಯ ಒಂದು ತುದಿ ನಿಪ್ಪಲ್ಲಿಗೆ, ಇನ್ನೊಂದು ತುದಿ ಉಪ್ಪಿನಕಾಯಿ ಬಾಟಲಿಯಲ್ಲಿ ತಳಮಟ್ಟ ಹಾಕಿದ ಹೊಸ ಆಯಿಲಿನೊಳಗೆ. ಬಾಟಲಿ ಎಲ್ಲಿಂದ ಬಂತು ಎಂದು ಅಡಿಗೆಮನೆಗೆ ಇನ್ನೂ ಗೊತ್ತಿಲ್ಲ.

ಇಷ್ಟಾದ ಮೇಲೆ ಆ ಇಡೀ ವಿಜ್ಞಾನ ಬಂದು ನಿಲ್ಲುವುದು ಮನೆಯಾಕೆಯ ಬಲಗಾಲಿನ ಮೇಲೆ.

ಆಕೆ ಡ್ರೈವರ್ ಸೀಟಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಾರೆ. ಕಾರಿನ ಹಿಂದಿನಿಂದ, ನೆಲಮಟ್ಟದಿಂದ, ಅಶರೀರವಾಣಿ.

“ಒತ್ತು!”

“ಒತ್ತೀನಿ.”

“ಹಿಡಿ!”

“ಹಿಡಿದೀನಿ.”

ನಿಪ್ಪಲ್ಲು ಬಿಚ್ಚುತ್ತದೆ, ಪೆಡಲ್ಲು ಇಳಿಯುತ್ತದೆ, ಕೊಳವೆಯಲ್ಲಿ ಕಾಫಿ ಡಿಕಾಕ್ಷನ್ನಿನಂಥ ಹಳೇ ಆಯಿಲ್ಲು ಗುಳ್ಳೆ ಸಮೇತ ಬಾಟಲಿಗೆ ಬರುತ್ತದೆ. “ಬಿಡಬ್ಯಾಡ, ಬಿಡಬ್ಯಾಡ!” ನಿಪ್ಪಲ್ಲು ಮುಚ್ಚಿದ ಮೇಲೇ ಕಾಲೆತ್ತಬೇಕು. ಮೊದಲೇ ಎತ್ತಿದರೆ ಹೊರಗೆ ಹೋದ ಗಾಳಿ ನೆಂಟರಂತೆ ವಾಪಸ್ಸು. ಸರಿಯಾಗಿ ಅದೇ ಗಳಿಗೆಗೆ ಬೀದಿಯ ಮೂಲೆಯಲ್ಲಿ ಉಳ್ಳಾಗಡ್ಡಿ ಗಾಡಿಯ ಮೈಕು ಕೂಗುತ್ತದೆ. ಮುಂದಿನದನ್ನು ವಿವರಿಸಬೇಕಿಲ್ಲ. ಕಾಲು ಪೆಡಲ್ಲಿನಿಂದ ನೆಲಕ್ಕೆ, ಆಕೆ ಗಾಡಿಯ ಹತ್ತಿರಕ್ಕೆ. “ನೂರು ರೂಪಾಯಿಗೆ ಎಷ್ಟು ಕಿಲೋಪ್ಪಾ?” ಸಾಹೇಬರು ಕಾರಿನ ಕೆಳಗಿನಿಂದ ಪ್ಯಾಸ್ಕಲ್ಲನಿಂದ ಹಿಡಿದು ಅತ್ತೆ ಮನೆಯವರೆಗೆ ಎಲ್ಲರನ್ನೂ ಸ್ಮರಿಸುತ್ತಾರೆ.

ಎರಡನೇ ಸಲ ಎಲ್ಲ ಸರಿಯಾಗಿಯೇ ನಡೆದಿತ್ತು. ಕಂಪ್ಲಿಯ ಸ್ಪ್ಯಾನರ್ ಸಾಹೇಬರ ಫೋನು ಬಂತು. ಡ್ಯಾಮಿನಿಂದ ನೀರು ಬಿಟ್ಟಾಗ ಅಲ್ಲಿನ ಗಂಗಾವತಿ ಸೇತುವೆ ಮುಳುಗುತ್ತದೆಯಲ್ಲ, ಹಾಗಾಗಿ ನೀರು, ಬ್ರೇಕು ಎರಡರ ಮೇಲೂ ತಮ್ಮದೇ ಕೊನೇ ಮಾತು ಎಂಬ ನಂಬಿಕೆ ಅವರದು. ಮುಂದಿನ ಚಕ್ರ ಮೊದಲೋ ಹಿಂದಿನದು ಮೊದಲೋ ಎಂಬ ವಾದ ಶುರುವಾಯಿತು. ಸಂಡೂರಿನವರನ್ನೂ ಕಾನ್ಫರೆನ್ಸಿಗೆ ತಗೊಂಡರು. “ಘಾಟು ಇಳಿಯೋ ನಮಗ ಬಯಲಾಗ ಓಡ್ಸೋರು ಏನು ಹೇಳ್ತೀರಪಾ?” ಅಂದರು ಅವರು. ಮಾತಾಡುತ್ತಲೇ ಸಾಹೇಬರು ಒಂದು ಕೈಯಲ್ಲಿ ನಿಪ್ಪಲ್ಲು ಬಿಚ್ಚಿ ಮುಚ್ಚುತ್ತಿದ್ದರು, ಮನೆಯಾಕೆ ಒತ್ತಿ ಬಿಡುತ್ತಿದ್ದರು, ಬಾನೆಟ್ಟಿನ ಕೆಳಗೆ ಆಯಿಲ್ ಡಬ್ಬಿ ಸದ್ದಿಲ್ಲದೆ ತಳ ಕಂಡಿತು. ಡಬ್ಬಿ ಬರಿದಾದರೆ ಲೈನು ಮೇಲಿನಿಂದಲೇ ಗಾಳಿ ನುಂಗುತ್ತದೆ. ಮೊದಲಿನಿಂದ ಶುರು. ಉಳ್ಳಾಗಡ್ಡಿ ಪ್ರಕರಣದ ಬಗ್ಗೆ ಬೀದಿಗೆಲ್ಲ ಕೇಳುವಂತೆ ಮಾತಾಡಿದ್ದ ಸಾಹೇಬರು ಈ ಪ್ರಕರಣದ ಬಗ್ಗೆ ಮೌನ. ಗಡಿಬಿಡಿಯಲ್ಲಿ ಹೊಸ ಆಯಿಲ್ಲು ಫೆಂಡರಿನ ಮೇಲೆ ಚೆಲ್ಲಿತು. ಬ್ರೇಕ್ ಆಯಿಲ್ಲು ಪೇಂಟು ತಿನ್ನುತ್ತದೆ ಎಂದು ಮಿರ್ಚಿ ಅಂಗಡಿಯಲ್ಲಿ ಪಾಠ ಹೇಳಿದವರೇ ಬಕೆಟ್ಟಿಗಾಗಿ ಓಡಿದರು.

ಮಧ್ಯಾಹ್ನದ ಹೊತ್ತಿಗೆ ಕೊಳವೆಯಲ್ಲಿ ತಿಳಿಬಣ್ಣದ ಆಯಿಲ್ಲು, ಗುಳ್ಳೆ ಇಲ್ಲ. ಆದರೂ ತೀರ್ಪು ಕೊಡುವುದು ಗುಳ್ಳೆಯಲ್ಲ. ಮನೆಯಾಕೆ ಇನ್ನೊಮ್ಮೆ ಒತ್ತಿ, ಕಾಲಿನಲ್ಲೇ ತೂಗಿ ನೋಡಿ, “ಈಗ ಗಟ್ಟಿ ಆತ್ರೀ” ಅಂದರು. ಅದೇ ಐಎಸ್‌ಐ ಮುದ್ರೆ. ಸಾಹೇಬರು ಎದ್ದು ಕೈ ಒರೆಸಿಕೊಂಡು, “ನನಗ ಗೊತ್ತಿತ್ತು” ಅಂದರು.

ಒಂದು ಮಾತಂತೂ ಒಪ್ಪಬೇಕು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎಂದು ಬಹಳಷ್ಟು ಕಂಪನಿಗಳು ಹೇಳುತ್ತವೆ, ನಮ್ಮಲ್ಲಿ ಹೆಚ್ಚಿನವರು ಕಾರು ಮಾರುವವರೆಗೂ ಅದರ ಮುಚ್ಚಳ ತೆರೆದಿರುವುದಿಲ್ಲ. ಸಾಹೇಬರು ಬದಲಿಸುತ್ತಾರೆ. ಮೊದಲು ಬೀದಿಯಲ್ಲೇ ನಡಿಗೆಯ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಓಡಿಸಿ ನೋಡಿ, ಆಮೇಲೇ ಕಮಲಾಪುರದ ರಸ್ತೆ ಹಿಡಿಯುತ್ತಾರೆ. ಅಳಿಯನ ಹೊಸ ಕಾರನ್ನು ಮಾತ್ರ ಮುಟ್ಟುವುದಿಲ್ಲ. ಅದರ ಎಬಿಎಸ್ ಯೂನಿಟ್ಟಿಗೆ ಗಾಳಿ ಹೊಕ್ಕರೆ ತೆಗೆಯಲು ಕಂಪ್ಯೂಟರ್ ಬೇಕಾಗಬಹುದು, ಮನೆಯಾಕೆಯ ಕಾಲು ಸಾಲದು. ಗ್ಯಾರೇಜಿನ ಕೂಲಿ ಉಳಿಯಿತು ಎಂಬ ಅವರ ಲೆಕ್ಕದಲ್ಲಿ ಫೆಂಡರಿನ ಪೇಂಟು, ಹೊಸ ಉಪ್ಪಿನಕಾಯಿ ಬಾಟಲಿ ಬರುವುದಿಲ್ಲ.

ಸದ್ಯ ಮನೆಯಾಕೆ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿದ್ದಾರೆ. ಸಾಹೇಬರ ಇನ್ನೊಂದು ಕಾರಿನ ಪೆಡಲ್ಲು ಮೆತ್ತಗಾಗಿದೆಯಂತೆ. ಈ ಭಾನುವಾರ ಹೊಸಪೇಟೆಯ ಯಾವುದಾದರೂ ಬೀದಿಯಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟ ಕಾರು ಕಂಡರೆ, ಅದರ ಕೆಳಗಿನಿಂದ ಯಾರಾದರೂ “ಒಂದ್ ನಿಮಿಷ ಬರ್ರೀ ಇಲ್ಲಿ” ಎಂದು ಕರೆದರೆ, ದಯವಿಟ್ಟು ಬೇರೆ ಬೀದಿ ಹಿಡಿಯಿರಿ. ಒಂದು ನಿಮಿಷಕ್ಕೆ ಮುಗಿಯುವ ಕೆಲಸವಲ್ಲ ಅದು.