ಸಪ್ಲಿಮಣಿದರ್ಪಣ: ನೂತನ ವಿದ್ಯಾರ್ಥಿಗಾಗಿ ಸಂಕ್ಷೇಪ ವ್ಯಾಕರಣ

ಪೀಠಿಕೆ

ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯ ಕನ್ನಡದ ಹುಡುಗ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಇಂಗ್ಲಿಷು ಎಂದು ಮೂರು ಭಾಷೆ ಬಲ್ಲನೆಂಬುದು ಲೋಕರೂಢಿ. ಡಿಗ್ರಿಗೆ ಸೇರಿದ ದಿನವೇ ನಾಲ್ಕನೆಯದು ಎದುರಾಗುತ್ತದೆ. ಅದರಲ್ಲಿ ಅಕ್ಷರಗಳುಂಟು, ಪದಗಳಿಲ್ಲ. ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಗುಂಡುಪಿನ್ನಿಗೆ ಜೋತುಬಿದ್ದ ಈ ಬಗೆಯ ಶಾಸನವನ್ನು ನೋಡಿ: ‘ಯುಜಿ 3ನೇ ಸೆಮ್ ಸಿಬಿಸಿಎಸ್ ರೆಗ್ಯುಲರ್ ಮತ್ತು ಸಪ್ಲಿ; ಎಚ್‌ಟಿಗೆ ಎಚ್‌ಒಡಿ ಸಹಿ ಕಡ್ಡಾಯ.’ ಇದೇ ಸೀಮೆಯ ಹೇಮಾವತಿಯಲ್ಲಿ ರಾಜಧಾನಿ ಮಾಡಿಕೊಂಡಿದ್ದ ನೊಳಂಬರ ಕಲ್ಲುಶಾಸನವಾದರೆ ಯಾರು ಯಾರಿಗೆ ಏನು ಕೊಟ್ಟರೆಂದು ಹೇಗಾದರೂ ತಿಳಿಯುತ್ತದೆ. ಇಲ್ಲಿ ಕೊಡತಕ್ಕವನು ವಿದ್ಯಾರ್ಥಿ, ಕೊಡತಕ್ಕದ್ದು ಫೀಸು ಎಂಬುದಷ್ಟೇ ನಿರ್ವಿವಾದ.

ಮಿಕ್ಕದ್ದಕ್ಕೆ ಹದಿಮೂರನೆಯ ಶತಮಾನದ ಕೇಶಿರಾಜನೇ ಗತಿ. ‘ಶಬ್ದಮಣಿದರ್ಪಣ’ದ ಲೋಪ, ಆಗಮ, ಆದೇಶಗಳು ಅನಂತಪುರ ಸೀಮೆಯ ಉನ್ನತ ಶಿಕ್ಷಣಕ್ಕೆ ಸಲ್ಲುವಷ್ಟು ಹಳಗನ್ನಡಕ್ಕೂ ಸಲ್ಲವು.

ಲೋಪ ಪ್ರಕರಣ

ಸಪ್ಲಿಮೆಂಟರಿಯ ಬಾಲ ಉದುರಿ ‘ಸಪ್ಲಿ’ ಆಗುತ್ತದೆ. ಲೋಪವಾಗುವುದು ಅಕ್ಷರ ಮಾತ್ರ. ಸಬ್ಜೆಕ್ಟು ಹಾಗೇ ಉಳಿಯುತ್ತದೆ. ಇದಕ್ಕೂ ಘೋರವಾದ ಲೋಪ ರಾಜನೊಬ್ಬನಿಗೆ ಆಗಿದೆ. 1981ರಲ್ಲಿ ಅನಂತಪುರದ ವಿಶ್ವವಿದ್ಯಾಲಯಕ್ಕೆ ಶ್ರೀಕೃಷ್ಣದೇವರಾಯನ ಹೆಸರಿಟ್ಟರು. ವಿಜಯನಗರವನ್ನಾಳಿದ ಪ್ರಭು ಈಗ ‘ಎಸ್‌ಕೆಯು’. ದೇವರೂ ಇಲ್ಲ, ರಾಯನೂ ಇಲ್ಲ.

ಆಗಮ ಪ್ರಕರಣ

1972ರ ಜೆಎನ್‌ಟಿಯು 2008ರಲ್ಲಿ ಒಡೆದಾಗ ಅನಂತಪುರಕ್ಕೆ ‘ಎ’, ಕಾಕಿನಾಡಕ್ಕೆ ‘ಕೆ’, ಹೈದರಾಬಾದಿಗೆ ‘ಎಚ್’ ಬಾಲದಲ್ಲಿ ಆಗಮವಾದವು. ಆಸ್ತಿ ಪಾಲಾದಾಗ ಇನಿಷಿಯಲ್ ಬೆಳೆಯುವುದು ಇದೊಂದೇ ವಂಶದಲ್ಲಿ. ಹಾಜರಿ ಲೋಪವಾದಲ್ಲಿ ಕಾಂಡೊನೇಶನ್ ಫೀಸು ಆಗಮವಾಗುವುದನ್ನು ಪಂಡಿತರು ಇದೇ ಸೂತ್ರದಡಿ ಸಾಧಿಸುತ್ತಾರೆ.

ಆದೇಶ ಪ್ರಕರಣ

ಒಂದು ಹೋಗಿ ಇನ್ನೊಂದು ಬರುವುದು ಆದೇಶ. 2021ರಲ್ಲಿ ಆಂಧ್ರದ ಎಂಸೆಟ್‌ನಿಂದ ಮೆಡಿಕಲ್ಲಿನ ‘ಎಂ’ ಎದ್ದುಹೋಗಿ ಫಾರ್ಮಸಿಯ ‘ಪಿ’ ಕೂತಿತು, ಇಎಪಿಸೆಟ್ ಆಯಿತು. ಊರ ಹಿರಿಯರು ಇಂದಿಗೂ ಎಂಸೆಟ್ ಎಂದೇ ವಿಚಾರಿಸುತ್ತಾರೆ. ಆದೇಶ ಅವರಿಗೆ ತಲುಪಿಲ್ಲ.

ಶಾಖಾಭೇದ ಹುಟ್ಟುವುದು ಇಲ್ಲಿಯೇ. ಕಲ್ಯಾಣದುರ್ಗ ಶಾಖೆಯವರು ಅನಂತಪುರ ಹೇಳಿದ್ದೇ ವೇದ ಎನ್ನುವ ಏಕರೂಪವಾದಿಗಳು. ಹಿಂದೂಪುರದವರು ದ್ವೈತಿಗಳು. ಬೆಂಗಳೂರಿನ ರೈಲು ಗೌರಿಬಿದನೂರು ಮುಟ್ಟುವಷ್ಟರಲ್ಲಿ ಅವರ ಇಂಟರ್ ಪಿಯುಸಿ ಆಗಿರುತ್ತದೆ, ಓಸಿ ಜಿಎಂ ಆಗಿರುತ್ತದೆ, ಇಎಪಿಸೆಟ್ ಸಿಇಟಿ ಆಗಿರುತ್ತದೆ. ಮಾರ್ಕ್ಸು ಮಾತ್ರ ಎರಡೂ ಕಡೆ ಅಷ್ಟೇ.

ಸೊನ್ನೆ ಪ್ರಕರಣ

ಯುಜಿಸಿಯ ಹತ್ತು ಅಂಕದ ಮಾಪನದಲ್ಲಿ ‘ಓ’ ಎಂದರೆ ಔಟ್‌ಸ್ಟ್ಯಾಂಡಿಂಗ್, ಪೂರ್ತಿ ಹತ್ತು. ಮಗಳ ಮೆಮೊದಲ್ಲಿ ಮೇಲಿಂದ ಕೆಳಗೆ ಗುಂಡಗೆ ಸಾಲಾಗಿ ನಿಂತದ್ದನ್ನು ಕಂಡ ತಂದೆ ಕಡಲೆಕಾಯಿ ಹೊಲದ ಬದುವಿನಲ್ಲಿ ಕುಕ್ಕರಿಸಿ, ‘ಒಂದರಲ್ಲಾದರೂ ಏನಾದರೂ ಬರಬಾರದಿತ್ತೇನವ್ವ’ ಎಂದರೆ ಅದು ಅಜ್ಞಾನವಲ್ಲ, ಗಣಿತ. ‘ಬಿ’ಗಿಂತ ಮುಂದೆ ‘ಎ’ ಇದೆಯಲ್ಲ ಎಂದು ‘ಎಬಿ’ ಕಂಡು ಪೇಡೆ ಹಂಚುವವನ ತರ್ಕವೂ ಶುದ್ಧವೇ. ಎಬಿ ಎಂದರೆ ಆಬ್ಸೆಂಟ್.

ಪೂರ್ವಪಕ್ಷ ಮತ್ತು ಸಿದ್ಧಾಂತ

‘ಪೂರ್ಣರೂಪ ಕೇಳಿ ತಿಳಿಯಬಾರದೆ?’ ಎಂಬುದು ಪೂರ್ವಪಕ್ಷ. ಇದಕ್ಕೆ ಹಿಂದೂಪುರದ ಮತದಾರರೇ ಉತ್ತರ. 1985, 1989, 1994ರಲ್ಲಿ ಅವರು ಎನ್‌ಟಿಆರ್ ಎಂಬ ಮೂರಕ್ಷರವನ್ನು ಗೆಲ್ಲಿಸಿದರು. 2014ರಿಂದ ಎನ್‌ಬಿಕೆ ಎಂಬ ಮೂರಕ್ಷರವನ್ನು ಗೆಲ್ಲಿಸುತ್ತಿದ್ದಾರೆ. ಬೂತಿನಲ್ಲಿ ಯಾರೂ ವಿಸ್ತರಣೆ ಕೇಳಲಿಲ್ಲ. ಆದ್ದರಿಂದ ಸಿದ್ಧಾಂತ: ಸಂಕ್ಷೇಪಾಕ್ಷರ ಇರುವುದು ಅರ್ಥಕ್ಕಲ್ಲ, ವಿಧೇಯತೆಗೆ. ಸಿಬಿಸಿಎಸ್‌ನಲ್ಲಿ ಆಯ್ಕೆ ಎಂಬ ಮಾತು ಅಡಗಿದೆಯೆಂದು ವಿದ್ಯಾರ್ಥಿಗೆ ಗೊತ್ತಾದರೆ ಅವನು ಆಯ್ಕೆಯನ್ನೇ ಕೇಳಿಯಾನು; ಆಗ ಕಾಲೇಜಿನಲ್ಲಿರುವ ಒಬ್ಬ ಲೆಕ್ಚರರ್ ಎಷ್ಟು ಸಬ್ಜೆಕ್ಟು ಹೇಳಿಕೊಟ್ಟಾರು? ಮೊಟಕು ಮಾಡಿದ್ದು ಪದವನ್ನಲ್ಲ, ಪ್ರಶ್ನೆಯನ್ನು.

ಫಲಶ್ರುತಿ

ಇದನ್ನು ಭಕ್ತಿಯಿಂದ ಪಠಿಸಿದವರಿಗೆ ಟಿಸಿ ಸಕಾಲಕ್ಕೆ ದೊರೆಯುವುದು. ಕೇಳಿದವರಿಗೆ ಹಾಲ್‌ಟಿಕೆಟ್ಟಿನಲ್ಲಿ ತಂದೆಯ ಹೆಸರು ಸರಿಯಾಗಿ ಅಚ್ಚಾಗುವುದು. ಅರ್ಥಮಾಡಿಕೊಂಡವರು ಎರಡು ಫೋಟೊ ಹಾಗೂ ಚಲನ್ ಸಮೇತ ಕಿಟಕಿ ಸಂಖ್ಯೆ 3ರಲ್ಲಿ ವಿಚಾರಿಸತಕ್ಕದ್ದು.